ಮೇಷ್ಟ್ರ ಮನೆಯವರು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ತಿಂಗಳ ಹಿಂದೆ ಊರಿನ ಕೆಲವು ಹುಡುಗರು ನಮ್ಮ ಮನೆಗೆ ಬಂದು, "ಅಮ್ಮಾ, ಶಾಲೆಯ ಕಾರ್ಯಕ್ರಮದಲ್ಲಿ ಮೇಷ್ಟ್ರ ಬಗ್ಗೆ ನೀವು ನಾಲ್ಕು ಮಾತಾಡಬೇಕು" ಎಂದು ಕೇಳಿದರು. ಮೇಷ್ಟ್ರು ಅಂದರೆ ನಮ್ಮ ಯಜಮಾನರು. ಶಾಲೆಯ ಮೇಷ್ಟ್ರಲ್ಲ, ನಾಟಕದ ಹಾರ್ಮೋನಿಯಂ ಮೇಷ್ಟ್ರು. ಅವರು ತೀರಿಕೊಂಡು ಏಳು ವರ್ಷವಾಯಿತು. "ಮಾತಾಡ್ತೀನಪ್ಪ, ಆದರೆ ನಾನೂ ಈ ಶಾಲೆಯಲ್ಲೇ ಓದಿದವಳು ಕಣ್ರೋ" ಅಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಅವರ ತಪ್ಪೇನೂ ಇಲ್ಲ. ನಲವತ್ತು ವರ್ಷದಿಂದ ಈ ಸೀಮೆಯಲ್ಲಿ ನನಗಿರುವ ಹೆಸರು 'ಮೇಷ್ಟ್ರ ಮನೆಯವರು' ಎಂದೇ. ಲಗ್ನಪತ್ರಿಕೆಯ ಮೇಲೂ ಹಾಗೇ ಬರೆಯುತ್ತಾರೆ. ನನ್ನ ಸ್ವಂತ ಹೆಸರನ್ನು ದಿನಾ ಗಟ್ಟಿಯಾಗಿ ಕೂಗಿ ಕರೆದ ಕೊನೆಯ ಜಾಗ ಈ ಶಾಲೆ. ಹಾಜರಿ ಕೂಗುವಾಗ ನಾನು "ಎಸ್ ಸಾರ್" ಅನ್ನುತ್ತಿದ್ದೆ. ಆದ್ದರಿಂದ ಇವತ್ತು ಅವರ ಬಗ್ಗೆಯೂ ಹೇಳುತ್ತೇನೆ, ನನ್ನ ಬಗ್ಗೆಯೂ ಹೇಳುತ್ತೇನೆ, ನಮ್ಮಂಥ ಇನ್ನೂ ಕೆಲವರ ಬಗ್ಗೆಯೂ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ಓದುವಾಗ ಬೆಳಗಿನ ಪ್ರಾರ್ಥನೆ ಹೇಳಿಕೊಡುವವಳು ನಾನು. ನಾನು ಮೊದಲ ಸಾಲು ಹೇಳಬೇಕು, ಉಳಿದವರು ಹಿಂದೆ ಹೇಳಬೇಕು. ಮೈಕು ಇರಲಿಲ್ಲ. ರಸ್ತೆಯಲ್ಲಿ ಎತ್ತಿನ ಗಾಡಿ ಹೊಡೆದುಕೊಂಡು ಹೋಗುವವರಿಗೂ ಕೇಳಿಸುತ್ತಿತ್ತಂತೆ. ಕನ್ನಡದ ಮೇಷ್ಟ್ರು ಒಂದು ದಿನ, "ನಮ್ಮೂರಿನ ನೀರಿನಲ್ಲೇ ಹಾಡು ಇದೆ" ಎಂದು ಹೇಳಿ ಬೆಳ್ಳಾವೆ ನರಹರಿ ಶಾಸ್ತ್ರಿಗಳ ವಿಷಯ ತಿಳಿಸಿದರು. ಗುಬ್ಬಿ ಕಂಪನಿಗೆ ನಾಟಕ ಬರೆದುಕೊಟ್ಟವರು ಅವರು. 1934ರಲ್ಲಿ ತೆರೆಗೆ ಬಂದ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ಕ್ಕೆ ಮಾತು, ಹಾಡು ಬರೆದವರೂ ಅವರೇ. ಅವರ ಹೆಸರಿನ ಮುಂದಿರುವ ಬೆಳ್ಳಾವೆ ನಮ್ಮ ಬೆಳ್ಳಾವಿ. ಇದನ್ನು ಕೇಳಿದ ದಿನ ನಾನು ಮನೆಗೆ ನೆಲದ ಮೇಲೆ ಕಾಲಿಡದೆ ಹೋದೆ.

ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷಕ್ಕೆ ಮದುವೆಯಾಯಿತು. ಹುಡುಗ ಹಾರ್ಮೋನಿಯಂ ನುಡಿಸುತ್ತಾನೆ ಅಂದಾಗ ನಮ್ಮಪ್ಪ ಹಿಂದೆ ಮುಂದೆ ನೋಡಿದರು. ನಾನೇ ಅಮ್ಮನ ಕೈಲಿ ಹೇಳಿ ಕಳಿಸಿದೆ, ಒಪ್ಪಿಕೊಳ್ಳಲಿ ಅಂತ. ಹಾಡು ಇರುವ ಮನೆಗೆ ಹೋದರೆ ನನ್ನ ಹಾಡೂ ಬದುಕುತ್ತದೆ ಎಂದುಕೊಂಡಿದ್ದೆ.

ಹಳ್ಳಿಯ ನಾಟಕದ ಮೇಷ್ಟ್ರ ಬದುಕು ನಿಮಗೆ ಗೊತ್ತೇ ಇದೆ. ಸುಗ್ಗಿ ಮುಗಿದು ರಾಗಿ ಕಣಜ ಸೇರಿದ ಮೇಲೆ ಊರಿಂದ ಊರಿಗೆ ಕರೆ ಬರುತ್ತದೆ. ಒಂದೊಂದು ಊರಿನಲ್ಲಿ ಎರಡು ಮೂರು ತಿಂಗಳು ತಾಲೀಮು. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ದೇವಸ್ಥಾನದ ಮುಂದೆ ಬಂದು ಭೀಮ, ದುರ್ಯೋಧನ ಆಗಬೇಕು. ಅಕ್ಷರ ಬಾರದವರಿಗೂ ಕಂದಪದ್ಯ ಬಾಯಿಗೆ ಬರಿಸಬೇಕು. ನಮ್ಮ ಯಜಮಾನರು ಒಂದು ದಿನವೂ ಯಾರಿಗೂ ಗದರಿದವರಲ್ಲ. ತಾಳ ತಪ್ಪಿದವನಿಗೆ ನೂರು ಸಲವಾದರೂ ಹೇಳಿಕೊಡುತ್ತಿದ್ದರು. ಆ ತಾಳ್ಮೆಗೆ ನಾನು ಇವತ್ತೂ ಕೈ ಮುಗಿಯುತ್ತೇನೆ.

ಆ ತಾಳ್ಮೆಯ ಹಿಂದೆ ಒಂದು ಮನೆಯಿತ್ತು. ಸಂಭಾವನೆಯಲ್ಲಿ ಅರ್ಧ ದುಡ್ಡು, ಅರ್ಧ ರಾಗಿ, ತೆಂಗಿನಕಾಯಿ. ಅವರು ಬರುವ ಹೊತ್ತು ರಾತ್ರಿ ಎರಡೋ ಮೂರೋ, ಜೊತೆಗೆ ನಾಲ್ಕೈದು ಜನ. ಎದ್ದು ಒಲೆ ಹಚ್ಚಬೇಕು. ಗಂಟಲು ಕಟ್ಟಿದರೆ ಮೆಣಸಿನ ಸಾರು. ಒಂದು ವರ್ಷ ಪೆಟ್ಟಿಗೆಯ ಸ್ವರಗಳು ಕೆಟ್ಟವು. ನನ್ನ ಬಳೆ ಗಿರವಿಗೆ ಹೋಯಿತು, ಪೆಟ್ಟಿಗೆ ರಿಪೇರಿಯಾಗಿ ಬಂತು. ಬಳೆ ವಾಪಸ್ಸು ಬರಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ಲೆಕ್ಕವಾಗಿ ಹೇಳುತ್ತಿದ್ದೇನೆ.

ಅವರು ಹೊಸ ಮಟ್ಟು ಹಾಕುವುದು ಬೆಳಗಿನ ಜಾವದಲ್ಲಿ. ನಾನು ರಾಗಿ ಬೀಸುತ್ತಲೋ ಮಗುವನ್ನು ತೊಟ್ಟಿಲಲ್ಲಿ ತೂಗುತ್ತಲೋ ಇರುತ್ತಿದ್ದೆ. "ಇದು ಹೆಂಗೈತೆ ನೋಡು" ಎಂದು ಕೇಳುವರು. ಮೊದಲು ಕೇಳುವ ಕಿವಿ ನನ್ನದು. ಎಷ್ಟೋ ಸಲ ಅವರ ಸಾಲು ಅರ್ಧಕ್ಕೆ ನಿಂತಾಗ ನಾನು ಗುನುಗಿದ್ದು ಮುಂದಿನ ಅರ್ಧವಾಗುತ್ತಿತ್ತು. "ಹಾಂ, ಹಂಗೇ ಹೋಗ್ಲಿ" ಎನ್ನುತ್ತಿದ್ದರು.

ಒಂದು ವರ್ಷ ಪಕ್ಕದ ಹಳ್ಳಿಯ ಜಾತ್ರೆಯಲ್ಲಿ ನಾಟಕ. ದ್ರೌಪದಿ ಪಾತ್ರಕ್ಕೆ ತುಮಕೂರಿನಿಂದ ಒಬ್ಬ ಕಲಾವಿದೆ ಬಂದಿದ್ದರು. ನಾನು ತೊಟ್ಟಿಲ ಹತ್ತಿರ ಕಟ್ಟಿದ ಮಟ್ಟನ್ನು ಆಯಮ್ಮ ಹಾಡಿದರು. ಚೆನ್ನಾಗಿಯೇ ಹಾಡಿದರು. ಜನ "ಒನ್ಸ್ ಮೋರ್" ಎಂದು ಕೂಗಿದರು. ಎರಡನೇ ಸಲ ಹಾಡಿದರು, ಮತ್ತೆ ಕೂಗಿದರು. ಊರ ಗೌಡರು ರಂಗದ ಮೇಲೆ ಹೋಗಿ ಕಲಾವಿದೆಗೆ ನೋಟು ಮುಯ್ಯಿ ಮಾಡಿ, ಮೇಷ್ಟ್ರಿಗೆ ಶಾಲು ಹೊದಿಸಿದರು. ನಾನು ಹೆಂಗಸರ ಸಾಲಿನಲ್ಲಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿ, "ಪುಣ್ಯವಂತೆ ಕಣವ್ವ ನೀನು, ಅಂಥ ಗಂಡ ಸಿಕ್ಕವ್ನೆ" ಅಂದಳು. ಹೌದಜ್ಜಿ ಅಂದೆ. ಸುಳ್ಳೇನೂ ಹೇಳಲಿಲ್ಲ. ಆದರೆ ಅವತ್ತು ಮನೆಗೆ ಬಂದ ಮೇಲೆ ನನ್ನ ಗುನುಗು ನಿಂತಿತು. ಯಾರೂ ನಿಲ್ಲಿಸು ಅನ್ನಲಿಲ್ಲ. ನಾನೇ ನಿಲ್ಲಿಸಿದೆ. ಅವರು ಕೇಳಿದರೆ, "ಚೆನ್ನಾಗೈತೆ" ಎಂದಷ್ಟೇ ಹೇಳುತ್ತಿದ್ದೆ. ಅವರು ಏಕೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂವತ್ತು ವರ್ಷ ಹಾಗೇ ಕಳೆಯಿತು.

ನಮ್ಮ ಯಜಮಾನರಿಗೆ ಗುಬ್ಬಿ ವೀರಣ್ಣನವರು ದೇವರ ಸಮಾನ. ಗುಬ್ಬಿ ನಮಗೆ ದೂರದ ಊರಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ಕಂಪನಿಯನ್ನು ವೀರಣ್ಣನವರು ನಾಡಿಗೆಲ್ಲ ಹೆಸರಾಗುವಂತೆ ಬೆಳೆಸಿದರು. ನಮ್ಮ ಮನೆಯ ಗೋಡೆಯ ಮೇಲೆ ಅವರ ಪಟ ಇದೆ. ಒಂದು ದಿನ ಪಟ ಒರೆಸುತ್ತಾ ನಾನು, "ಇವರ ಮನೆಯವರು ಏನು ಮಾಡ್ತಿದ್ರು?" ಎಂದು ಕೇಳಿದೆ. ಆಗ ಅವರು ಬಿ. ಜಯಮ್ಮನವರ ವಿಷಯ ಹೇಳಿದರು.

ಜಯಮ್ಮನವರು ಚಿಕ್ಕವಯಸ್ಸಿನಲ್ಲೇ ಕಂಪನಿ ಸೇರಿದವರು. ಮುಂದೆ ವೀರಣ್ಣನವರ ಪತ್ನಿಯಾದರು. ಅವರ ಮೊದಲ ಪತ್ನಿಯಲ್ಲ, ಮನೆಯಲ್ಲಿ ಆಗಲೇ ಸಂಸಾರವಿತ್ತು. ಆದರೂ ಜಯಮ್ಮನವರು ಹಾಡು ಬಿಡಲಿಲ್ಲ, ರಂಗ ಬಿಡಲಿಲ್ಲ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಕೇಳುವ ಹಾಗೆ ಹಾಡಬೇಕಿತ್ತು. ರಂಗದ ಮೇಲೆ ರಾಣಿ, ರಂಗದ ಹಿಂದೆ ನೂರಾರು ಜನರ ಕಂಪನಿಗೆ ಯಜಮಾನಿತಿ. 1946ರ 'ಹೇಮರೆಡ್ಡಿ ಮಲ್ಲಮ್ಮ' ಚಿತ್ರದಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದಾರೆ. ಅದಕ್ಕೂ ಒಂದು ವರ್ಷ ಮುಂಚೆ, 1945ರಲ್ಲಿ, ಬಿ.ಎನ್. ರೆಡ್ಡಿಯವರ 'ಸ್ವರ್ಗಸೀಮ' ಎಂಬ ತೆಲುಗು ಚಿತ್ರ ಬಂತು. ಅದರಲ್ಲಿ ನಾಗಯ್ಯನವರು ನಾಯಕ. ನಾಯಕ ಒಬ್ಬ ನಾಟಕದ ನಟಿಯ ಮೋಹಕ್ಕೆ ಬಿದ್ದು ಹೆಂಡತಿಯನ್ನು ಮರೆಯುತ್ತಾನೆ. ಮನೆಯಲ್ಲಿ ಒಬ್ಬಳೇ ಉಳಿಯುವ ಆ ಹೆಂಡತಿ ಕಲ್ಯಾಣಿಯ ಪಾತ್ರ ಮಾಡಿದವರು ನಮ್ಮ ಜಯಮ್ಮನವರು. ನಾಟಕದ ನಟಿಯಾಗಿ ಒಂದು ಸಂಸಾರಕ್ಕೆ ಬಂದವರು, ತೆರೆಯ ಮೇಲೆ ಮನೆಯೊಳಗಿನ ಹೆಣ್ಣಿನ ನೋವನ್ನು ತೋರಿಸಿದರು. ಎರಡೂ ಕಡೆಯ ನೋವು ಅವರಿಗೆ ಗೊತ್ತಿತ್ತೇನೋ ಎಂದು ನನಗೆ ಅನಿಸುತ್ತದೆ. 1972ರಲ್ಲಿ ವೀರಣ್ಣನವರು ಹೋದರು. ಜಯಮ್ಮನವರು 1988ರವರೆಗೆ ಇದ್ದರು. ಅವರನ್ನು ಜನ ವೀರಣ್ಣನವರ ಹೆಂಡತಿ ಎಂದೂ ಬಲ್ಲರು, ಬಿ. ಜಯಮ್ಮ ಎಂದೂ ಬಲ್ಲರು. ಎರಡನೆಯದು ಅವರು ತಾವೇ ಉಳಿಸಿಕೊಂಡ ಹೆಸರು.

ಇನ್ನೊಂದು ಕಥೆ ನನಗೆ ತಿಳಿದದ್ದು ತಡವಾಗಿ. ನನ್ನ ಮಗಳು ಧಾರವಾಡದಲ್ಲಿ ಕೆಲಸದಲ್ಲಿದ್ದಾಗ ಬಾಣಂತನಕ್ಕೆ ಹೋಗಿದ್ದೆ. ಆ ಕಡೆ ಹಿಂದೂಸ್ತಾನಿ ಸಂಗೀತದ ಮಾತು ಮನೆಮನೆಯಲ್ಲಿ. ಅಲ್ಲಿ ಕುಮಾರ ಗಂಧರ್ವರ ಬಗ್ಗೆ ಓದಿದೆ. ಅವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು, 1924ರಲ್ಲಿ ಹುಟ್ಟಿದವರು. ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಮುಂಬಯಿಯಲ್ಲಿ ದೇವಧರ ಗುರುಗಳ ಬಳಿ ಕಲಿತರು. 1947ರಲ್ಲಿ ಭಾನುಮತಿ ಎಂಬ ಗಾಯಕಿಯನ್ನು ಮದುವೆಯಾದರು. ಮಾರನೇ ವರ್ಷಕ್ಕೆ ಕ್ಷಯರೋಗ. ಹಾಡಲೇಬಾರದು ಎಂದು ವೈದ್ಯರು ಹೇಳಿದರು. ಒಣಹವೆ ಬೇಕೆಂದು ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡುವವನು ಹಾಸಿಗೆ ಹಿಡಿದ ಆ ವರ್ಷಗಳಲ್ಲಿ ಭಾನುಮತಿಯವರು ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿದರು, ಗಂಡನ ಶುಶ್ರೂಷೆ ಮಾಡಿದರು. ಕುಮಾರರು ಮಲಗಿದ್ದಲ್ಲೇ ಮಾಳವದ ಹಳ್ಳಿಯ ಹೆಂಗಸರ ಹಾಡು ಕೇಳಿಸಿಕೊಂಡು, ಅದರಿಂದಲೇ ಮುಂದೆ ಹೊಸ ರಾಗಗಳನ್ನು ಕಂಡರು. ಮತ್ತೆ ಹಾಡಿದಾಗ ದೇಶವೇ ತಿರುಗಿ ನೋಡಿತು. 1961ರಲ್ಲಿ ಭಾನುಮತಿಯವರು ಹೆರಿಗೆಯಲ್ಲಿ ತೀರಿಕೊಂಡರು.

ಆಮೇಲೆ ಕುಮಾರರು ವಸುಂಧರಾ ಅವರನ್ನು ಮದುವೆಯಾದರು. ಅವರೂ ಗಾಯಕಿಯೇ. ಕಛೇರಿಗಳಲ್ಲಿ ಗಂಡನ ಹಿಂದೆ ತಂಬೂರಿ ಹಿಡಿದು ಕೂತು ದನಿಗೂಡಿಸಿದರು. 1992ರಲ್ಲಿ ಕುಮಾರರು ಹೋದ ಮೇಲೆ ವಸುಂಧರಾ ಅವರು ಹಾಡಿದರು, ಶಿಷ್ಯರನ್ನು ತಯಾರು ಮಾಡಿದರು. 2006ರಲ್ಲಿ ಅವರಿಗೇ ಪದ್ಮಶ್ರೀ ಬಂತು. ಇದನ್ನು ಓದಿದಾಗ ಬಾಣಂತಿಯ ಕೋಣೆಯಲ್ಲಿ ಕೂತು ನಾನು ಸುಮ್ಮನೆ ಅತ್ತೆ. ಮಗಳು, "ಏನಾಯ್ತಮ್ಮ?" ಅಂದಳು. ಒಲೆಯ ಹೊಗೆ ಎಂದು ಹೇಳುವ ಹಾಗಿರಲಿಲ್ಲ, ಅವರ ಮನೆಯಲ್ಲಿ ಗ್ಯಾಸ್ ಇತ್ತು. ಮೊಮ್ಮಗುವಿಗೆ ಜೋಗುಳ ಹಾಡು ಅಂದಳು. ಬಹಳ ವರ್ಷದ ಮೇಲೆ ಬಾಯಿ ಬಿಟ್ಟೆ. ದನಿ ಒಡೆದಿತ್ತು. ಆದರೆ ಶ್ರುತಿ ತಪ್ಪಿರಲಿಲ್ಲ.

ಅವರೆಲ್ಲ ದೊಡ್ಡವರು. ನಮ್ಮನ್ನು ಅವರ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿಲ್ಲ. ಆದರೆ ಆನೆಗೂ ಇರುವೆಗೂ ಹಸಿವು ಒಂದೇ. ಹಾಡುವವರ ಮನೆಯಲ್ಲಿ ಇನ್ನೊಂದು ಗಂಟಲು ಇರುತ್ತದೆ. ಅದು ಹಾಡಿದರೂ ಕಥೆ, ಹಾಡದಿದ್ದರೂ ಕಥೆ.

ನಮ್ಮ ಯಜಮಾನರು ಹೋದ ಮೇಲೆ ಅವರ ನಾಟಕದ ನೋಟ್‌ಬುಕ್ಕುಗಳನ್ನು ಬಿಸಿಲಿಗೆ ಹಾಕಿದೆ. ಒಂದೊಂದು ಹಾಡಿನ ಪಕ್ಕದಲ್ಲಿ ಮಟ್ಟು ಎಲ್ಲಿಂದ ಬಂತೆಂದು ಬರೆದಿಡುವ ಅಭ್ಯಾಸ ಅವರಿಗಿತ್ತು. 'ಕಂಪನಿ ಮಟ್ಟು', 'ಸಿನಿಮಾ ಮಟ್ಟು', 'ಸ್ವಂತ' ಎಂದು. ನಾಲ್ಕು ಹಾಡಿನ ಪಕ್ಕದಲ್ಲಿ 'ಮನೆ ಮಟ್ಟು' ಎಂದಿತ್ತು. ದ್ರೌಪದಿಯ ಹಾಡು ಅದರಲ್ಲಿ ಒಂದು. ಮೊದಲು ಬಹಳ ಸಂತೋಷವಾಯಿತು, ಅವರು ಮರೆತಿರಲಿಲ್ಲವಲ್ಲ ಎಂದು. ಆಮೇಲೆ ಸಿಟ್ಟು ಬಂತು. ಬರೆದಿಟ್ಟದ್ದನ್ನು ಒಂದು ಸಲ ಬಾಯಲ್ಲಿ ಹೇಳಬಹುದಿತ್ತು. ಬರೆಯುವಾಗಲಾದರೂ 'ಮನೆ' ಎನ್ನುವ ಬದಲು ಹೆಸರು ಬರೆಯಬಹುದಿತ್ತು. ಏಳು ವರ್ಷವಾದರೂ ಎರಡೂ ಹಾಗೇ ಇವೆ, ಸಂತೋಷವೂ ಸಿಟ್ಟೂ. ಅವರ ಮೇಲೆ ಪ್ರೀತಿ ಇಲ್ಲದಿದ್ದರೆ ಸಿಟ್ಟು ಇಷ್ಟು ದಿನ ಉಳಿಯುತ್ತಿರಲಿಲ್ಲ. ನನ್ನ ಪಾಲಿನ ತಪ್ಪೂ ಇದೆ. ಅವರು ಕೇಳಲಿಲ್ಲ ಅನ್ನುತ್ತೇನೆ, ನಾನು ತಾನೆ ಏನು ಹೇಳಿದೆ?

ಮಕ್ಕಳೇ, ಅದಕ್ಕೇ ಇದನ್ನೆಲ್ಲ ಹೇಳಿದ್ದು. ಹಾಡು ಬರುವ ಹೆಣ್ಣುಮಕ್ಕಳು ಇಲ್ಲಿದ್ದೀರಿ, ಬೆಳಿಗ್ಗೆ ಪ್ರಾರ್ಥನೆಯಲ್ಲಿ ಕೇಳಿದೆ. ಮದುವೆಯಾಗಿ, ಸಂಸಾರ ಮಾಡಿ, ಗಂಡನ ಕೆಲಸಕ್ಕೆ ಹೆಗಲು ಕೊಡಿ, ಅದರಲ್ಲಿ ಕಡಿಮೆಯೇನೂ ಇಲ್ಲ. ಆದರೆ ನಿಮ್ಮ ಗಂಟಲನ್ನು ನೀವೇ ಮುಚ್ಚಬೇಡಿ. ಗಂಡುಮಕ್ಕಳೇ, ನಿಮಗೊಂದು ಮಾತು. ಮನೆಯಲ್ಲಿ ಯಾರಾದರೂ ನಿಮ್ಮ ಕೆಲಸದ ಅರ್ಧ ಹೊತ್ತಿದ್ದರೆ ಶಾಲು ಹೊದಿಸುವ ಹೊತ್ತಿನಲ್ಲಿ ಅವರ ಹೆಸರು ಹೇಳಿ. ಅದಕ್ಕೆ ಖರ್ಚೇನೂ ಇಲ್ಲ.

ನಮ್ಮ ಮೇಷ್ಟ್ರ ಹಾರ್ಮೋನಿಯಂ ಅನ್ನು ಇವತ್ತು ಶಾಲೆಗೆ ತಂದಿದ್ದೇನೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿದೆ. ಬೀರುವಿನಲ್ಲಿಟ್ಟು ಪೂಜೆ ಮಾಡಬೇಡಿ, ಮಕ್ಕಳ ಕೈಗೆ ಕೊಡಿ. ನೋಟ್‌ಬುಕ್ಕನ್ನೂ ಕೊಡುತ್ತಿದ್ದೇನೆ. 'ಮನೆ ಮಟ್ಟು' ಎಂದಿರುವ ನಾಲ್ಕು ಕಡೆ ನಿನ್ನೆ ರಾತ್ರಿ ನಾನೇ ಪೆನ್ನು ತೆಗೆದುಕೊಂಡು ನನ್ನ ಹೆಸರು ಬರೆದಿದ್ದೇನೆ, ಈ ಶಾಲೆಯ ಹಾಜರಿ ಪುಸ್ತಕದಲ್ಲಿ ಇದ್ದ ಹಾಗೇ, ನಮ್ಮಪ್ಪನ ಇನಿಷಿಯಲ್ ಸಮೇತ.

ಒಂದು ಸಣ್ಣ ವಿಷಯ. ಎಡಗಡೆಯಿಂದ ಮೂರನೇ ಬಿಳಿ ಮನೆ ಒಮ್ಮೊಮ್ಮೆ ಒಳಗೇ ಸಿಕ್ಕಿಕೊಳ್ಳುತ್ತದೆ. ಬಲವಾಗಿ ಒತ್ತಬೇಡಿ. ಮೆಲ್ಲಗೆ ಬೆರಳಿನಿಂದ ಎತ್ತಿದರೆ ಮತ್ತೆ ನುಡಿಯುತ್ತದೆ.