ರೈಲು ನಿಲ್ಲಿಸಲು ಗೊತ್ತಿರುವ ಊರು

ರೈಲ್ವೆ ಮತ್ತು ಅಗ್ನಿಶಾಮಕ ಇಲಾಖೆಯ ಅಧಿಕಾರಿಗಳೇ, ಸಮವಸ್ತ್ರದಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಟ್ರ್ಯಾಕ್‌ಮನ್ ಬಂಧುಗಳೇ, ಹಳಿಯ ಆಚೆಬದಿ ಈಚೆಬದಿ ಕೇರಿಗಳಿಂದ ಬಂದ ತಾಯಂದಿರೇ, ಮಾದರಿ ಗೇಟಿನತ್ತ ಓಡಲು ಆಗಲೇ ಕಾಲು ಕುಣಿಸುತ್ತಿರುವ ಮಕ್ಕಳೇ,

ದೀಪ ಬೆಳಗಿಸಿದ್ದಾಯಿತು. ಆದರೆ ಈ ಮಾಸ್ತರನ ಮಾತು ಮುಗಿಯುವವರೆಗೆ ಯಾರನ್ನೂ ಈ ಸುರಕ್ಷತಾ ಪ್ರದರ್ಶನದ ಒಳಗೆ ಬಿಡುವುದಿಲ್ಲವಂತೆ. ಹಾಗಾಗಿ ಸೀದಾ ವಿಷಯಕ್ಕೆ ಬರುತ್ತೇನೆ.

2023ರ ಮಾರ್ಚ್ ತಿಂಗಳು. ಮಂಗಳೂರಿನ ಹೊರವಲಯದಲ್ಲಿ, ಪಡೀಲು ಮತ್ತು ಜೋಕಟ್ಟೆ ನಡುವೆ, ಹಳಿಯ ಮೇಲೆ ಮರವೊಂದು ಉರುಳಿಬಿತ್ತು. ಮುಂಬೈಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬರುವ ಹೊತ್ತು ಅದು. ಹತ್ತಿರದ ಮನೆಯ, ಎಪ್ಪತ್ತರ ಪ್ರಾಯದ ಹೆಂಗಸೊಬ್ಬರು ಕೈಗೆ ಸಿಕ್ಕ ಕೆಂಪು ಬಟ್ಟೆ ಹಿಡಿದು ಹಳಿಯ ಕಡೆ ಓಡಿದರು, ಬೀಸಿದರು. ಲೋಕೋ ಪೈಲಟ್ ಕಣ್ಣಿಗೆ ಅದು ಬಿತ್ತು, ಗಾಡಿ ನಿಂತಿತು. ಪತ್ರಿಕೆಗಳು ಅದನ್ನು ಸಾಹಸ ಎಂದು ಬರೆದವು, ಸನ್ಮಾನವೂ ನಡೆಯಿತು. ಸಾಹಸ ಹೌದು. ಆದರೆ ಅದರಲ್ಲಿ ಹೆಚ್ಚಿನ ಪಾಲು ತಿಳಿವಳಿಕೆಯದು ಎಂದು ನನಗೆ ಅನ್ನಿಸುತ್ತದೆ. ಯಾವ ಗಾಡಿ ಯಾವ ಹೊತ್ತಿಗೆ ಬರುತ್ತದೆ, ಕೆಂಪು ಕಂಡರೆ ಅದು ನಿಲ್ಲಬೇಕು, ಈ ಎರಡು ಸಂಗತಿ ಆ ಅಮ್ಮನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಧೈರ್ಯವಿದ್ದೂ ಏನು ಪ್ರಯೋಜನ?

ಹಳಿ ಪಕ್ಕದ ಜನರಿಗೆ ರೈಲ್ವೆ ಇಷ್ಟು ವರ್ಷ ಹೇಳಿಕೊಂಡು ಬಂದದ್ದೆಲ್ಲ 'ಬೇಡ'ಗಳೇ. ದಾಟಬೇಡಿ, ನಡೆಯಬೇಡಿ, ಮುಟ್ಟಬೇಡಿ, ತಪ್ಪಿದರೆ ದಂಡ. ಆ ಮಾತಿನಲ್ಲಿ ಸುಳ್ಳಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹಳಿಯ ಮೇಲಿನ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸಜೆ, ಒಂದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಡಾ. ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸುರಕ್ಷತಾ ಸಮಿತಿ 2012ರಲ್ಲಿ ಕೊಟ್ಟ ವರದಿಯಂತೆ, ದೇಶದಲ್ಲಿ ಹೀಗೆ ಹಳಿ ದಾಟುತ್ತಾ ವರ್ಷಕ್ಕೆ ಸುಮಾರು 15,000 ಮಂದಿ ಸಾಯುತ್ತಿದ್ದರು. ಗಾಡಿ ಹಳಿ ತಪ್ಪಿದರೆ ಮುಖಪುಟದ ಸುದ್ದಿ. ಈ ಸಾವುಗಳು ಒಂದೊಂದಾಗಿ ಬರುವುದರಿಂದ ಒಳಪುಟದ ಮೂಲೆಯಲ್ಲಿ ಮುಗಿದುಹೋಗುತ್ತವೆ. ಆದರೂ 'ಬೇಡ' ಎನ್ನುವವರು 'ಯಾಕೆ ಬೇಡ' ಎಂಬುದನ್ನು ಬಿಡಿಸಿ ಹೇಳಿದ್ದು ಕಡಿಮೆ. ಇಲ್ಲಿನ ಮಳಿಗೆಗಳಲ್ಲಿ ಆ ಕೆಲಸ ಆಗಿದೆ. ಅದಕ್ಕೇ ನಾನು ಬಂದಿದ್ದು.

ಒಳಗೆ ಹೋದ ಕೂಡಲೇ ನೆಲದ ಮೇಲೆ ಸುಣ್ಣದಲ್ಲಿ ಎರಡು ಹಳಿ, ಅದರ ಮೇಲೆ ಬಿದಿರಿನಲ್ಲಿ ಬೋಗಿಯ ಅಗಲ ತೋರಿಸಿದ್ದಾರೆ. ಒಂದು ಕ್ಷಣ ನಿಂತು ನೋಡಿ. ಎರಡು ಹಳಿಗಳ ನಡುವೆ ಇರುವುದು 1676 ಮಿಲಿಮೀಟರ್. ಬೋಗಿಯ ಅಗಲವೋ ಸುಮಾರು ಮೂರೂಕಾಲು ಮೀಟರ್. ಎಂದರೆ ಎರಡೂ ಬದಿ ಹಳಿಯಿಂದ ಆಚೆಗೆ ಎರಡಡಿಗೂ ಹೆಚ್ಚು ಗಾಡಿ ಚಾಚಿಕೊಂಡಿರುತ್ತದೆ. 'ನಾನೇನು ಹಳಿ ಮೇಲೆ ಇರಲಿಲ್ಲ, ಪಕ್ಕದಲ್ಲಿದ್ದೆ' ಎನ್ನುವವರು ನಿಂತಿರುವುದು ಗಾಡಿಯ ಹೊಟ್ಟೆಯೊಳಗೇ.

ಇನ್ನೊಂದು ಸಂಗತಿ ನಮ್ಮ ಕರಾವಳಿಗೆ ಹೊಸದು. ಉಡುಪಿ–ಮಂಗಳೂರು ನಡುವೆ 1993ರಲ್ಲಿ ಗಾಡಿ ಓಡಿತು, 1998ರಲ್ಲಿ ಇಡೀ ಕೊಂಕಣ ಮಾರ್ಗ ತೆರೆಯಿತು. ಆಗಿನಿಂದ ನಮ್ಮ ಕಿವಿಗೆ ಅಭ್ಯಾಸವಾದದ್ದು ಡೀಸೆಲ್ ಇಂಜಿನ್. ಅದು ಎರಡು ಗುಡ್ಡ ಆಚೆ ಇದ್ದಾಗಲೇ ಮನೆಯ ಪಾತ್ರೆ ಅದುರುತ್ತಿತ್ತು. 2022ರಲ್ಲಿ ಮಾರ್ಗದ ವಿದ್ಯುದೀಕರಣ ಮುಗಿಯಿತು. ವಿದ್ಯುತ್ ಇಂಜಿನ್ ಅಷ್ಟು ಸದ್ದು ಮಾಡುವುದಿಲ್ಲ. ಗುಡ್ಡ ಕಡಿದು ಹಾಕಿದ ಹಳಿಯ ತಿರುವಿನಲ್ಲಿ, ಜಡಿಮಳೆಯಲ್ಲಿ, ತಲೆಯ ಮೇಲೆ ಕಂಬಳಿಕೊಪ್ಪೆ ಇರುವಾಗ ಅದು ಬೆನ್ನಿಗೆ ಬಂದರೂ ಗೊತ್ತಾಗದು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಹೆಚ್ಚುಕಡಿಮೆ 28 ಮೀಟರ್ ಬರುತ್ತದೆ. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡ ಕಾಲೇಜು ಹುಡುಗರಿಗೆ ನಾನು ಬೇರೆ ಹೇಳಬೇಕಿಲ್ಲ. ಆದರೆ ಅವರ ಅಜ್ಜಂದಿರಿಗೆ ಹೇಳಬೇಕಾಗಿದೆ: ನಿಮ್ಮ ಕಿವಿಯನ್ನು ಇನ್ನು ನಂಬಬೇಡಿ.

ತಲೆಯ ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಮನೆಯ ವಿದ್ಯುತ್ತು 230. ಈ ತಂತಿಯನ್ನು ಮುಟ್ಟುವುದೇ ಬೇಡ, ಹತ್ತಿರ ಹೋದರೂ ಅದು ಹಾರಿ ಹಿಡಿಯುತ್ತದೆ. ನನಗೆ ಹೆದರಿಕೆ ನಮ್ಮ ತೋಟಿಗರದ್ದು. ಈಚೆಗೆ ಅಡಿಕೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಉದ್ದ, ಕೆಲಸಕ್ಕೆ ಬಹಳ ಅನುಕೂಲ. ಆದರೆ ಕಾರ್ಬನ್ ವಿದ್ಯುತ್ ವಾಹಕ. ಮೇಲ್ಸೇತುವೆ ದಾಟುವಾಗ, ಗೇಟಿನಲ್ಲಿ ಕಾಯುವಾಗ ದೋಟಿಯನ್ನು ನೆಟ್ಟಗೆ ಹಿಡಿಯದೆ ಅಡ್ಡಲಾಗಿ, ಕೆಳಗೆ ಹಿಡಿದುಕೊಳ್ಳಿ. ತಂತಿಯ ಮೇಲೆ ತೆಂಗಿನ ಗರಿ ಬಿದ್ದರೆ ಎಳೆಯುವ ಉಪಕಾರ ಮಾಡಲು ಹೋಗಬೇಡಿ, ತಿಳಿಸಿ, ಅಷ್ಟೇ ಸಾಕು.

ತಿಳಿಸುವುದು ಹೇಗೆ? ಇವತ್ತಿನ ಪ್ರದರ್ಶನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದು. ವಿದ್ಯುತ್ ತಂತಿ ಹೊತ್ತ ಪ್ರತಿ ಕಂಬದಲ್ಲೂ ಒಂದು ಸಣ್ಣ ಫಲಕ ಇರುತ್ತದೆ. ಅದರಲ್ಲಿರುವುದು ಕಿಲೋಮೀಟರ್ ಮತ್ತು ಆ ಕಂಬದ ಕ್ರಮಸಂಖ್ಯೆ. 139ಕ್ಕೋ 112ಕ್ಕೋ ಫೋನ್ ಮಾಡಿ 'ನಮ್ಮ ಗಣಪತಿ ಗುಡಿ ಹಿಂದೆ ಮರ ಬಿದ್ದಿದೆ' ಎಂದರೆ ಅತ್ತ ಕಡೆಯವರಿಗೆ ಯಾವ ಗಣಪತಿ, ಯಾವ ಊರು? ಕಂಬದ ಸಂಖ್ಯೆ ಹೇಳಿದಿರೋ, ನಿಯಂತ್ರಣ ಕೊಠಡಿಯವರು ಯಾವ ಎರಡು ನಿಲ್ದಾಣಗಳ ನಡುವೆ ಗಾಡಿ ತಡೆಯಬೇಕು ಎಂಬುದನ್ನು ಆಗಲೇ ತಿಳಿಯುತ್ತಾರೆ. ಹತ್ತಿರದ ಗೇಟ್‌ಮನ್‌ಗೆ ಹೇಳಿದರೆ ಇನ್ನೂ ಬೇಗ, ಅವರ ಬಳಿ ನಿಲ್ದಾಣಕ್ಕೆ ನೇರ ಫೋನ್ ಇದೆ, ಕೆಂಪು ಬಾವುಟ ಇದೆ, ಹಳಿ ಮೇಲೆ ಇಡುವ, ಸಿಡಿದು ಸದ್ದಿನಿಂದ ಎಚ್ಚರಿಸುವ ಡಿಟೋನೇಟರ್ ಇದೆ.

ಫೋನಿಗೆ ಹೊತ್ತಿಲ್ಲದಿದ್ದರೆ? 2024ರ ಸೆಪ್ಟೆಂಬರಿನಲ್ಲಿ, ಇಲ್ಲೇ ಕುಮಟಾ–ಹೊನ್ನಾವರ ನಡುವೆ ನಡೆದದ್ದು ನೆನಪಿರಬಹುದು. ಬೆಳಗಿನ ಜಾವ ಗಸ್ತಿನಲ್ಲಿದ್ದ ಟ್ರ್ಯಾಕ್‌ಮನ್ ಒಬ್ಬರಿಗೆ ಹಳಿಯ ಜೋಡಣೆಯಲ್ಲಿ ವೆಲ್ಡಿಂಗ್ ಅಪೂರ್ಣವಾಗಿರುವುದು ಕಂಡಿತು. ಕುಮಟಾ ನಿಲ್ದಾಣಕ್ಕೆ ತಿಳಿಸಿದರೆ ರಾಜಧಾನಿ ಎಕ್ಸ್‌ಪ್ರೆಸ್ ಆಗಲೇ ಅಲ್ಲಿಂದ ಹೊರಟಾಗಿತ್ತು. ಲೋಕೋ ಪೈಲಟ್ ಫೋನಿಗೆ ಸಿಗಲಿಲ್ಲ. ಆ ಟ್ರ್ಯಾಕ್‌ಮನ್ ಗಾಡಿ ಬರುವ ದಿಕ್ಕಿಗೇ ಸುಮಾರು ಅರ್ಧ ಕಿಲೋಮೀಟರ್ ಓಡಿ ಅದನ್ನು ನಿಲ್ಲಿಸಿದರು. ಗಾಡಿಯ ಕಡೆಗೇ ಯಾಕೆ ಓಡಬೇಕು ಎಂಬುದನ್ನು ಮಕ್ಕಳು ಗಮನಿಸಿ. ವೇಗದಲ್ಲಿರುವ ಗಾಡಿ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು. ರೈಲ್ವೆ ತನ್ನ ಸಿಬ್ಬಂದಿಗೆ ಅಡಚಣೆಯಿಂದ 600 ಮೀಟರಿನಲ್ಲಿ ಒಂದು, 1200 ಮೀಟರಿನಲ್ಲಿ ಮೂರು ಡಿಟೋನೇಟರ್ ಇಡಬೇಕು ಎಂದು ನಿಯಮ ಮಾಡಿರುವುದು ಇದೇ ಲೆಕ್ಕದಿಂದ. ಹಳಿಗೆ ಬಿದ್ದ ಮರದ ಪಕ್ಕದಲ್ಲೇ ನಿಂತು ಬಟ್ಟೆ ಬೀಸಿದರೆ ಗಾಡಿ ನಿಲ್ಲುವುದು ಮರವನ್ನು ದಾಟಿದ ಮೇಲೆ.

ಕೆಂಪು ಬಟ್ಟೆ ಇಲ್ಲವೇ? ಎರಡೂ ಕೈ ತಲೆಯ ಮೇಲೆ ಎತ್ತಿ ಹಿಡಿಯಿರಿ. ರೈಲ್ವೆ ನಿಯಮದಲ್ಲಿ ಅದು 'ನಿಲ್ಲು' ಎಂಬ ಸಂಜ್ಞೆ. ರಾತ್ರಿಯಾದರೆ ಕೆಂಪು ದೀಪ, ಅದೂ ಇಲ್ಲದಿದ್ದರೆ ಬಿಳಿ ಟಾರ್ಚನ್ನೇ ಜೋರಾಗಿ ಅಡ್ಡಡ್ಡ ಬೀಸಿ. ಓಡುವಾಗಲೂ ಬೀಸುವಾಗಲೂ ಹಳಿಯಿಂದ ದೂರವಿರಿ, ನಡುವೆ ನಿಲ್ಲಬೇಡಿ. ಮತ್ತೆ, ರೀಲ್ಸ್ ಮಾಡುವ ಹುಡುಗರಿಗೆ ಒಂದು ಎಚ್ಚರಿಕೆ. ಇದು ಆಟವಲ್ಲ. ಸುಮ್ಮನೆ ಗಾಡಿ ನಿಲ್ಲಿಸಿದವರಿಗೆ ಕಾಯ್ದೆಯಲ್ಲಿ ಬೇರೆಯೇ ಕಲಮು ಇದೆ.

ಮಳೆಗಾಲದ ಮಾತು ಆಡದೆ ಕೊಂಕಣ ರೈಲ್ವೆಯ ಮಾತು ಮುಗಿಯದು. 2003ರ ಜೂನ್ 22ರ ರಾತ್ರಿ, ಕಾರವಾರದಿಂದ ಮುಂಬೈಗೆ ಹೊರಟ ವಿಶೇಷ ಗಾಡಿ ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಉರುಳಿದ ಬಂಡೆಗಳಿಗೆ ಬಡಿದು 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಮರುವರ್ಷ ಜೂನ್‌ನಲ್ಲೇ ಮತ್ಸ್ಯಗಂಧಕ್ಕೂ ಬಂಡೆ ಅಡ್ಡಬಂದು ಬೋಗಿಗಳು ಸೇತುವೆಯಿಂದ ಬಿದ್ದವು. ಆಮೇಲೆ ಮಳೆಗಾಲಕ್ಕೆ ವೇಗ ತಗ್ಗಿತು, ಗಸ್ತು ಹೆಚ್ಚಿತು. ಈಗ ವಿಪರೀತ ಮಳೆಯಲ್ಲಿ ಮುಂದೆ ಕಾಣದಾದರೆ ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ಸೂಚನೆ ಇದೆ. ಆದರೆ ಗಸ್ತಿನವರು ನೋಡುವುದು ಧರೆಯನ್ನು ಕೆಳಗಿನಿಂದ. ಧರೆಯ ನೆತ್ತಿ ಕಾಣುವುದು ಸೊಪ್ಪಿಗೆ, ದನಕ್ಕೆ ಎಂದು ಗುಡ್ಡ ಹತ್ತುವ ನಿಮಗೆ. ನೆಲ ಬಿರುಕು ಬಿಟ್ಟಿದ್ದರೆ, ನೆಟ್ಟಗಿದ್ದ ಮರ ವಾಲಿದ್ದರೆ, ಮೊದಲು ಇಲ್ಲದ ಕಡೆ ಕೆಂಪು ನೀರು ಒಸರಿದರೆ, ನಾಳೆ ಹೇಳೋಣ ಅನ್ನಬೇಡಿ.

ಕೊನೆಗೆ, ಅಪಘಾತ ಆಗಿಯೇಬಿಟ್ಟರೆ. 1988ರ ಜುಲೈಯಲ್ಲಿ ಬೆಂಗಳೂರಿನಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೇರಳದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದಾಗ ಮೊದಲು ನೀರಿಗಿಳಿದವರು ಅಲ್ಲಿನ ದೋಣಿಯವರು, ಸುತ್ತಲಿನ ಜನ. 2023ರಲ್ಲಿ ಒಡಿಶಾದ ಬಹಾನಗಾದಲ್ಲೂ ಮೊದಲು ತಲುಪಿದ್ದು ಹಳ್ಳಿಯವರೇ. ನಮ್ಮ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ಮಾರ್ಗದಲ್ಲೇ ಅತಿ ದೊಡ್ಡದು. ಇಲ್ಲಿ ಏನಾದರೂ ಆದರೆ ಮೊದಲು ಹೋಗುವುದು ನಮ್ಮ ಮೀನುಗಾರರ ದೋಣಿ. ಆ ದೋಣಿಯವರ ಫೋನ್ ಸಂಖ್ಯೆ ತಾಲೂಕು ಕಚೇರಿಯಲ್ಲೂ ರೈಲು ನಿಲ್ದಾಣದಲ್ಲೂ ಗೋಡೆಯ ಮೇಲೆ ಇರಬೇಕು. ವೇದಿಕೆಯ ಮೇಲಿರುವ ಅಧಿಕಾರಿಗಳಿಗೆ ಇದು ನನ್ನ ನೇರ ಬೇಡಿಕೆ. ಜನರಿಗೆ ತರಬೇತಿ ಕೊಟ್ಟು ಅವರ ಹೆಸರು ಬರೆದುಕೊಳ್ಳದಿದ್ದರೆ ಅದು ಅರ್ಧ ಕೆಲಸ.

ನೆಲದ ಮೇಲಾದರೆ, ಓಡಿಹೋಗಿ ಬೋಗಿಗೆ ಕೈಹಾಕುವ ಮುಂಚೆ ತಲೆಯೆತ್ತಿ ನೋಡಿ. ತಂತಿ ಹರಿದು ಬಿದ್ದಿದ್ದರೆ ವಿದ್ಯುತ್ ಕಡಿದಿದೆ ಎಂದು ರೈಲ್ವೆಯವರು ಹೇಳುವವರೆಗೆ ದೂರವಿರಿ. ಉರುಳಿದ್ದು ಟ್ಯಾಂಕರ್ ಗಾಡಿಯಾದರೆ ಕೊಡ, ಕ್ಯಾನು ಹಿಡಿದು ಹೋಗಬೇಡಿ. ಗಾಳಿ ಬರುವ ದಿಕ್ಕಿಗೆ ಸರಿಯಿರಿ, ಬೀಡಿ ಆರಿಸಿ, ಸುತ್ತಿನ ಮನೆಯವರನ್ನು ಎಬ್ಬಿಸಿ.

ಈ ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಕೊನೆಯ ಮಳಿಗೆಯಲ್ಲಿ ಟ್ರ್ಯಾಕ್‌ಮನ್‌ಗಳು ಕೂತಿರುತ್ತಾರೆ. ನಿಮ್ಮ ಮನೆ ಎಲ್ಲಿ ಎಂದು ಹೇಳಿ, ಹತ್ತಿರದ ಕಂಬದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಅದನ್ನು ನೋಡಿಕೊಂಡು ಬರಲೆಂದು ನೀವೇ ಹಳಿಗೆ ಇಳಿಯಬೇಡಿ ಮತ್ತೆ! ಚೀಟಿಯನ್ನು ಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿ, ಕೆಳಗೆ 139 ಎಂದು ಬರೆಯಿರಿ. ಆ ಚೀಟಿ ತೆಗೆದುಕೊಳ್ಳದೆ ಇವತ್ತು ಯಾರೂ ಮನೆಗೆ ಹೋಗಬೇಡಿ.