ಬೆರಳ ಲೆಕ್ಕ, ಬುಕ್ಕಿನ ಲೆಕ್ಕ
(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು)



ನಾನು ಬಿ.ಎ. ಓದುವ ಹುಡುಗ. ಭಾಷಣ ಮಾಡಿ ರೂಢಿ ಇಲ್ಲ. ಕಾಲೇಜಿನಲ್ಲಿ ಓದಿದ್ದಕ್ಕೂ ನಮ್ಮ ಹೊಲದಲ್ಲಿ ನಡೆಯೋದಕ್ಕೂ ಇರುವ ಸಂಬಂಧ ಒಂದಿಷ್ಟು ಹೇಳ್ತೀನಿ. ತಪ್ಪಿದ್ರೆ ತಿದ್ರಿ.

ನಮ್ಮ ಗದ್ವಾಲ ಸೀಮೆ ಹತ್ತಿ ಬೀಜಕ್ಕೆ ಹೆಸರಾದದ್ದು. ಕ್ರಾಸಿಂಗ್ ಕೆಲಸ ನಿಮಗೆ ಗೊತ್ತೇ ಐತಿ. ಸಂಜೆ ಹೆಣ್ಣು ಗಿಡದ ಮೊಗ್ಗು ಸುಲಿಯಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಹಚ್ಚಬೇಕು. ಒಂದೊಂದೇ ಹೂವಿಗೆ, ಬೆರಳಿನಿಂದ, ತಿಂಗಳುಗಟ್ಟಲೆ.

ವ್ಯಾಪಾರ ಮೆಟ್ಟಿಲು ಮೆಟ್ಟಿಲಾಗಿ ನಡೀತೈತಿ. ಓದಿದವರು ಇದಕ್ಕೆ ಬಿಸಿನೆಸ್ ಪ್ರಾಸೆಸ್ ಅಂತಾರೆ. ಕಂಪನಿ ಮೂಲ ಬೀಜ ಕೊಡ್ತೈತಿ. ಆರ್ಗನೈಸರ್ ಅದನ್ನೂ ಮುಂಗಡ ಹಣವನ್ನೂ ರೈತನಿಗೆ ಮುಟ್ಟಿಸ್ತಾನೆ. ರೈತ ಕೂಲಿಯವರನ್ನು ಕರೀತಾನೆ. ಬೀಜಕ್ಕೆ ತೂಕ ಐತಿ, ಪರೀಕ್ಷೆ ಐತಿ, ಎಲ್ಲಕ್ಕೂ ಕಾಗದ ಐತಿ. ನಮ್ಮವ್ವನ ಹೆಸರು ಮಾತ್ರ ಆ ಯಾವ ಕಾಗದದಲ್ಲೂ ನಾನು ಕಂಡಿಲ್ಲ.

ಒಂದು ವರ್ಷ ಅವ್ವ ನನ್ನ ಫೀಸಿಗೆ ಮುಂಗಡ ತಂದಿದ್ಲು. ದೀಪಾವಳಿ ದಾಟಿದ ಮೇಲೆ ಲೆಕ್ಕಕ್ಕೆ ಕೂತರೆ ಇನ್ನೂ ಬಾಕಿ ಅಂದ್ರು. ಅವ್ವ ಹೋದ ದಿನಗಳನ್ನು ಬೆರಳಲ್ಲಿ ಎಣಿಸಿದಳು. ಅವರು ಬುಕ್ಕು ತೆಗೆದರು. ಬೆರಳು ಸೋತಿತು, ಬುಕ್ಕು ಗೆದ್ದಿತು. ಪಕ್ಕದಲ್ಲೇ ಕೂತ ನಾನು, ಓದಿದವನು, ಒಂದು ಮಾತೂ ಆಡಲಿಲ್ಲ. ಆ ನಾಚಿಕೆಗೇ ಇವತ್ತು ಇಲ್ಲಿ ನಿಂತೀನಿ.

ದಾವುಲೂರಿ ವೆಂಕಟೇಶ್ವರ್ಲು ಮತ್ತು ಲೂಸಿಯಾ ಡ ಕೋರ್ಟಾ ಅನ್ನೋ ಸಂಶೋಧಕರು ಅಂದಿನ ಆಂಧ್ರಪ್ರದೇಶದ ಹತ್ತಿ ಬೀಜದ ಹೊಲಗಳ ಬಗ್ಗೆ 2001ರಲ್ಲೇ ಬರೆದರು. ಹೆಣ್ಣುಮಕ್ಕಳನ್ನು, ಅದರಲ್ಲೂ ಸಣ್ಣ ಹುಡುಗಿಯರನ್ನು ಕರೆಯೋದು ಬೆರಳು ಚುರುಕು ಅಂತ ಅಷ್ಟೇ ಅಲ್ಲ. ಕೂಲಿ ಕಡಿಮೆ, ಎದುರು ಮಾತಾಡೋದಿಲ್ಲ, ತಂದೆ-ತಾಯಿಗೆ ಕೊಟ್ಟ ಮುಂಗಡ ಕಟ್ಟಿಹಾಕ್ತೈತಿ, ಅದಕ್ಕೆ.

ಹಾಗಾದ್ರೆ ಓದಿ ಪಟ್ಟಣಕ್ಕೆ ಹೋದ್ರೆ ಸಮ ಆಗ್ತೀವಾ? ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅದನ್ನೂ ಪರೀಕ್ಷಿಸಿದರು. ಒಂದೇ ಓದು, ಬೇರೆ ಬೇರೆ ಹೆಸರು ಹಾಕಿ ಖಾಸಗಿ ಕಂಪನಿಗಳಿಗೆ 4,808 ಅರ್ಜಿ ಕಳಿಸಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯ್ತು. ಮೇಲ್ಜಾತಿ ಹೆಸರಿಗಿಂತ ದಲಿತ ಹೆಸರಿಗೆ ಕರೆ ಬರೋ ಸಾಧ್ಯತೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅಲ್ಲಿ ಕಾಗದ ಇತ್ತು, ಆದರೆ ಕಾಗದದ ಮೇಲಿನ ಹೆಸರೇ ಅಡ್ಡ ಬಂತು.

1942ರಿಂದ 46ರವರೆಗೆ ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಇಲಾಖೆ ನೋಡಿಕೊಂಡವರು. ಸಂವಿಧಾನದ 39ನೇ ವಿಧಿ ಹೆಣ್ಣು-ಗಂಡಿಗೆ ಸಮ ಕೆಲಸಕ್ಕೆ ಸಮ ವೇತನ ಅಂತೈತಿ. 1976ರ ಕಾನೂನು ಜೀತವನ್ನು, ಸಾಲಕ್ಕೆ ದುಡಿಸೋದನ್ನು ನಿಷೇಧಿಸೈತಿ. ಆದರೆ ಕಾನೂನಿನ ಮುಂದೆ ನಿಂತಾಗ ಎಷ್ಟು ದಿನ, ಎಷ್ಟು ಕೂಲಿ ಅಂತ ಕೇಳ್ತಾರೆ. ಆಗ ಬೆರಳು ತೋರಿಸಿದ್ರೆ ಸಾಲದು.

ಅದಕ್ಕೆ ಸಂಘದ ಗೆಳೆಯರಲ್ಲಿ ಎರಡೇ ಬೇಡಿಕೆ. ಮನೆಗೊಂದು ನೋಟುಬುಕ್ಕು ಇಡೋಣ: ಹೋದ ದಿನ, ಹೊತ್ತು, ಬಂದ ಕೂಲಿ, ತಂದ ಮುಂಗಡ, ಎಲ್ಲ ಅವ್ವಂದಿರ ಹೆಸರಲ್ಲೇ. ಅವರು ಹೇಳಲಿ, ರಾತ್ರಿ ನಾವು ಬರೆಯೋಣ. ಎರಡನೇದು, ಕ್ರಾಸಿಂಗ್ ದಿನಗಳಲ್ಲಿ ಶಾಲೆ ತಪ್ಪಿಸಿದ ತಂಗಿಯಂದಿರ ಮನೆಗೆ ಹೋಗಿ ಮಾತಾಡೋಣ. ಬೈಯೋಕಲ್ಲ, ಅವರ ಕಷ್ಟ ಕೇಳೋಕೆ.

ನಮ್ಮ ಮನೆಯ ಬುಕ್ಕು ಶುರು ಆಗೈತಿ. ಮೊದಲ ಪುಟದಲ್ಲಿ ಅವ್ವನ ಹೆಸರು ಬರೆದೆ. ಓದಿ ಹೇಳಿದಾಗ ಅವ್ವ ಇನ್ನೊಂದು ಸಲ ಓದು ಅಂದ್ಲು.

ಜೈ ಭೀಮ್.