ಯಾದಿಯಲ್ಲೊಂದು ಚುಕ್ಕಿ



ಮಕ್ಕಳೇ, ನರ್ಸಿಂಗ್ ಮತ್ತು ಫಾರ್ಮಸಿ ಪದವೀಧರರ ಘಟಿಕೋತ್ಸವಕ್ಕೆ ದೊಡ್ಡ ಡಾಕ್ಟರೊಬ್ಬರನ್ನು ಕರೆಯುವುದು ವಾಡಿಕೆ. ನಾನು ಡಾಕ್ಟರಲ್ಲ. ಇದೇ ತುಕ್ಕಾನಟ್ಟಿಯವನು. ಸರ್ಕಾರಿ ದವಾಖಾನೆಗಳಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ನಿಂತೇ ನೌಕರಿ ಮುಗಿಸಿದವನು. ಆ ಕಿಟಕಿಯಿಂದ ಕಂಡದ್ದನ್ನಷ್ಟೇ ಹೇಳಬಲ್ಲೆ. ಅದರಲ್ಲೂ 2019ರ ಆಗಸ್ಟ್ ತಿಂಗಳಿನದು.

ಆ ಆಗಸ್ಟ್ ನಿಮಗೂ ನೆನಪಿರಬೇಕು. ನಿಮ್ಮಲ್ಲಿ ಕೆಲವರ ಶಾಲೆಯೇ ಆಗ ಗಂಜಿ ಕೇಂದ್ರವಾಗಿತ್ತು. ಘಟ್ಟದ ಮೇಲೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭಾ ನದಿಗೆ ಕಟ್ಟಿದ ಹಿಡಕಲ್ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ತುಂಬಿದ ಮೇಲೆ ಬಂದದ್ದನ್ನೆಲ್ಲ ಕೆಳಗೆ ಬಿಡಲೇಬೇಕು. ಅದರ ಕೆಳಗೆ ಘಟಪ್ರಭೆಗೆ ಹಿರಣ್ಯಕೇಶಿ ಕೂಡುತ್ತಾಳೆ, ಗೋಕಾಕದ ಹತ್ತಿರ ಮಾರ್ಕಂಡೇಯ. ಮೂರೂ ಒಟ್ಟಿಗೆ ಉಕ್ಕಿದವು. ಗೋಕಾಕದ ಓಣಿಗಳಲ್ಲಿ ಮನೆಯೊಳಗೆ ಹೊಳಿ ಹೊಕ್ಕಿತು. ಲೋಳಸೂರ ಸೇತುವೆ ಮುಳುಗಿತು. ರಾಜ್ಯದಲ್ಲಿ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತ ಎಂದು ಸರ್ಕಾರ ಘೋಷಿಸಿತು. ಆದರೆ ನಮ್ಮ ಕಡೆಯವರ ಪಾಲಿಗೆ ಅಷ್ಟೂ ಲೆಕ್ಕಕ್ಕಿಂತ ಲೋಳಸೂರ ಸೇತುವೆಯೊಂದೇ ದೊಡ್ಡದು. ಗೋಕಾಕದ ದವಾಖಾನೆ ಆ ದಂಡೆಗೆ, ನಾವು ಈ ದಂಡೆಗೆ.

ನನ್ನನ್ನು ಹೊಳೆಸಾಲಿನ ಒಂದು ಶಾಲೆಗೆ ಹಾಕಿದರು. ಮೊದಲ ದಿನ ಬ್ಯಾಂಡೇಜು, ಹೊಲಿಗೆ ಸಾಮಾನು, ನೋವಿನ ಇಂಜೆಕ್ಷನ್ನು ಎಲ್ಲ ಸಜ್ಜು ಮಾಡಿ ಕೂತೆ. ಪ್ರವಾಹ ಅಂದರೆ ಗಾಯ, ರಕ್ತ ಅಂತ ನನ್ನ ತಲೆಯಲ್ಲಿತ್ತು. ಜನ ಬಂದರು. ಎಮ್ಮೆ ತಂದಿದ್ದರು, ರೇಷನ್ ಕಾರ್ಡು ತಂದಿದ್ದರು, ಒಬ್ಬಾಕೆ ಬೀಸುವ ಕಲ್ಲು ಹೊರಿಸಿಕೊಂಡು ಬಂದಿದ್ದಳು. ದಿನಾ ನುಂಗುವ ಗುಳಿಗೆ ಮಾತ್ರ ಯಾರೂ ತಂದಿರಲಿಲ್ಲ. ಸಾಲಿನಲ್ಲಿ ಮೊದಲು ನಿಂತ ಅಜ್ಜಿ ಕೇಳಿದ್ದು ಇಷ್ಟೇ: "ಸಾಹೇಬ್ರ, ನಂದು ಸಣ್ಣ ಗುಳಗಿರಿ. ಬಿಳೀದು. ಮುಂಜಾನೆ ಒಂದ ತಗೋತಿದ್ನಿ."

ಮಕ್ಕಳೇ, ಸಣ್ಣ ಬಿಳಿ ಗುಳಿಗೆ ಎಷ್ಟು ಬಗೆಯವು ಇವೆ ಎಂದು ಫಾರ್ಮಸಿಯವರಿಗೆ ನಾನು ಹೇಳಬೇಕಾಗಿಲ್ಲ. ಬಿಪಿಯದೂ ಬಿಳಿ, ಶುಗರಿನದೂ ಬಿಳಿ, ಥೈರಾಯ್ಡಿನದೂ ಬಿಳಿ. ಆ ದಿನ ಬಂದವರಲ್ಲಿ ಹೊಲಿಗೆ ಹಾಕಿಸಿಕೊಂಡವರು ಇಬ್ಬರು. ಬಿಳಿ ಗುಳಿಗೆ ಕೇಳಿದವರನ್ನು ಎಣಿಸುವುದು ಬಿಟ್ಟೆ.

ಮರುದಿನದಿಂದ ಔಷಧ ಬರತೊಡಗಿತು. ನಮ್ಮ ಜನರ ಕೈ ದೊಡ್ಡದು. ಎಲ್ಲೆಲ್ಲಿಂದಲೋ ಟೆಂಪೋ ತುಂಬಿ ಕಳಿಸಿದರು. ಬಂದದ್ದರಲ್ಲಿ ಅರ್ಧ ಕೆಮ್ಮಿನ ಔಷಧ. ಉಳಿದದ್ದು ಕತ್ತರಿಸಿದ ಸ್ಟ್ರಿಪ್ಪುಗಳು: ಹೆಸರಿದ್ದ ಕಡೆ ತಾರೀಖಿಲ್ಲ, ತಾರೀಖಿದ್ದ ಕಡೆ ಹೆಸರಿಲ್ಲ. ಒಂದು ಪೆಟ್ಟಿಗೆಯ ತುಂಬ ಟಾನಿಕ್. ಅದನ್ನು ವಿಂಗಡಿಸಲು ಇಬ್ಬರು ಎರಡು ರಾತ್ರಿ ಕೂತೆವು. ಅಜ್ಜಿಯ ಗುಳಿಗೆ ಅದರಲ್ಲಿರಲಿಲ್ಲ.

ಇದು ನಮ್ಮೂರಿನ ದಡ್ಡತನ ಅಂದುಕೊಳ್ಳಬೇಡಿ. 1988ರ ಅರ್ಮೇನಿಯ ಭೂಕಂಪಕ್ಕೆ ಜಗತ್ತು 5,000 ಟನ್ ಔಷಧ, ಸಲಕರಣೆ ಕಳಿಸಿತ್ತು. ಏನೇನು ಬಂದಿದೆ ಎಂದು ತಿಳಿಯಲು 50 ಜನಕ್ಕೆ ಆರು ತಿಂಗಳು ಹಿಡಿಯಿತು. ಶೇ. 8ರಷ್ಟು ಬರುವಾಗಲೇ ಅವಧಿ ಮೀರಿತ್ತು, ಶೇ. 4ರಷ್ಟು ಚಳಿಗೆ ಹಾಳಾಯಿತು. ಉಳಿದದ್ದರಲ್ಲಿ ತುರ್ತಿಗೆ ಒದಗುವಂಥದ್ದು ಅರ್ಧಕ್ಕಿಂತ ಕಡಿಮೆ. ಇಂಥವೇ ಅನುಭವಗಳಾದ ಮೇಲೆ 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನಕ್ಕೂ ನಿಯಮ ಬರೆಯಿತು. ಅದರ ತಿರುಳು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅವರು ಕೇಳಿದ್ದನ್ನು ಕೊಡಿ, ನಿಮ್ಮ ಮನೆಯಲ್ಲಿ ಉಳಿದದ್ದನ್ನಲ್ಲ.

ಕೇಳಬೇಕು ಅಂದರೆ ಯಾದಿ ಬೇಕು. ಮೂರನೆಯ ದಿನ ನೂರು ಪುಟದ ಒಂದು ನೋಟ್‌ಬುಕ್ ತಂದು ಗೆರೆ ಹೊಡೆದೆ. ಹೆಸರು, ಯಾವ ಊರು, ಯಾವ ಕೋಣೆಯಲ್ಲಿ ಮಲಗಿದ್ದಾರೆ, ಏನು ತಗೋತಾರೆ, ಎಷ್ಟು ದಿನದಿಂದ ತಪ್ಪಿದೆ. ಊರಿನ ಆಶಾ ಕಾರ್ಯಕರ್ತೆಯರು ಇಲ್ಲದಿದ್ದರೆ ಆ ಪುಟಗಳು ತುಂಬುತ್ತಿರಲಿಲ್ಲ. ಯಾವ ಮನೆಯಲ್ಲಿ ಬಸುರಿ, ಯಾರಿಗೆ ಟಿಬಿ ಗುಳಿಗೆ ನಡೆದಿದೆ, ಯಾವ ಮುದುಕ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ, ಅವರಿಗೆ ಬಾಯಿಪಾಠ. ಡಾಕ್ಟರು ಬರುವ ಮೊದಲೇ ಡಾಕ್ಟರಿಗೆ ಬೇಕಾದದ್ದು ಕಾಗದದ ಮೇಲಿತ್ತು. ಕರೆಂಟಿರಲಿಲ್ಲ, ಇನ್ಸುಲಿನ್ನನ್ನು ಹಸಿ ಮರಳಿನ ನಡುವೆ ಮಡಕೆಯಲ್ಲಿ ಇಟ್ಟೆವು, ನಮ್ಮಜ್ಜಿ ಮೊಸರು ಇಡುತ್ತಿದ್ದಂತೆ.

ನೀರಿನ ಮಾತು ಬಿಟ್ಟರೆ ತಪ್ಪಾಗುತ್ತದೆ. ಟ್ಯಾಂಕರಿನ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪುಡಿ. ಅರ್ಧ ತಾಸು ಬಿಟ್ಟು, ಕ್ಲೋರಿನ್ ಉಳಿದಿದೆಯೋ ನೋಡುವ ಓಟಿ ದ್ರಾವಣ ಹಾಕಿದರೆ ಹಳದಿ ಬಣ್ಣ ಬರಬೇಕು. ಬಾರದಿದ್ದರೆ ಆ ನೀರು ಯಾರ ಕೊಡಕ್ಕೂ ಹೋಗಬಾರದು. ಬೇಸರದ ಕೆಲಸ, ಫೋಟೋದಲ್ಲಿ ಚೆಂದ ಕಾಣುವುದಿಲ್ಲ. ಆದರೆ ನೀರು ಕೆಟ್ಟರೆ ಏನಾಗುತ್ತದೆ ಕೇಳಿ. ಹೈಟಿಯಲ್ಲಿ 2010ರ ಭೂಕಂಪವಾದ ಕೆಲವು ತಿಂಗಳಿಗೆ ವಿಶ್ವಸಂಸ್ಥೆಯ ಶಾಂತಿಪಾಲಕರ ಒಂದು ಶಿಬಿರದ ಕೊಳಚೆ ಹೊಳೆಗೆ ಸೇರಿತು. ಅಲ್ಲಿಂದ ಹಬ್ಬಿದ ಕಾಲರಾ ಸುಮಾರು ಹತ್ತು ಸಾವಿರ ಜನರನ್ನು ತಿಂದಿತು. ಆಸರೆಯಾಗಲು ಹೋದವರ ಕಕ್ಕಸಿನಿಂದ! ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರಲ್ಲಿ.

ಹಾಗಂತ ಒಳ್ಳೆಯ ಮನಸ್ಸನ್ನು ನಾನು ಹಳಿಯುತ್ತಿಲ್ಲ. ಒಳ್ಳೆಯ ಮನಸ್ಸಿಗೆ ಕವಾಯತು ಬೇಕು ಅನ್ನುತ್ತಿದ್ದೇನೆ. ಇದನ್ನು ನನಗಿಂತ ಮೊದಲು ಕಂಡುಕೊಂಡವರು ಇಲ್ಲೇ ಘಟಪ್ರಭಾ ಊರಿನಲ್ಲಿದ್ದರು, ಡಾ. ನಾ.ಸು. ಹರ್ಡೀಕರ್. ವೈದ್ಯರು. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಆ ದಳದ ಸ್ವಯಂಸೇವಕರು ದುಡಿದರು. ಅಧಿವೇಶನದ ಜನಕ್ಕೆ ನೀರು ಬೇಕೆಂದು ಮೊದಲೇ ತೋಡಿದ ಬಾವಿ ಇವತ್ತೂ ಬೆಳಗಾವಿಯಲ್ಲಿ ಕಾಂಗ್ರೆಸ್ ಬಾವಿ ಎಂಬ ಹೆಸರಿನಲ್ಲಿದೆ. ನಾವು ಶಾಲೆಯಲ್ಲಿ ಸೇವಾದಳದ ಟೋಪಿ ಹಾಕಿ ಎಡ-ಬಲ ಹೆಜ್ಜೆ ಹಾಕುವಾಗ ಇದೆಲ್ಲ ಯಾತಕ್ಕೆ ಅಂತ ನಗುತ್ತಿದ್ದೆವು. ಗಂಜಿ ಕೇಂದ್ರದಲ್ಲಿ ಸಾಲು ಒಡೆದಾಗ ತಿಳಿಯಿತು.

ಇನ್ನು ನನ್ನ ತಪ್ಪೊಂದನ್ನು ಹೇಳಿ ಇಳಿಯುತ್ತೇನೆ. ಯಾದಿ ತಯಾರಾಯಿತು, ಔಷಧವೂ ಬಂತು. ಹುರುಪಿನಲ್ಲಿ ಗಣಪತಿ ಹಬ್ಬದ ಮೈಕು ತರಿಸಿ ಒಬ್ಬೊಬ್ಬರ ಹೆಸರನ್ನು ಗುಳಿಗೆಯ ಸಮೇತ ಕೂಗಿದೆ. ಬಿಪಿಯವರು ಬಂದರು, ಶುಗರಿನವರು ನಗುತ್ತ ಬಂದರು. ಟಿಬಿಯವನ ಹೆಸರು ಕೂಗಿದಾಗ ಅವನ ಪಕ್ಕದಲ್ಲಿ ಕೂತವರು ಚಾಪೆ ಸರಿಸಿದರು. ಅಷ್ಟಾದರೂ ನನಗೆ ಗೊತ್ತಾಗಲಿಲ್ಲ. ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬ ಹೆಣ್ಣುಮಗಳು ಬಂದು ನನ್ನ ಮೇಜಿನ ಎದುರು ಸುಮ್ಮನೆ ನಿಂತಳು. ಬಹಳ ಹೊತ್ತಾದ ಮೇಲೆ, "ಅಣ್ಣಾರ, ನಂದೂ ದಿನಾ ಒಂದ ಗುಳಗಿ ಐತ್ರಿ. ಮೈಕಿನ್ಯಾಗ ಹೇಳಬ್ಯಾಡ್ರಿ" ಅಂದಳು. ಯಾವುದು ಅಂತ ಕೇಳಲಿಲ್ಲ. ಗೊತ್ತಾಯಿತು: ಎಚ್‌ಐವಿಗೆ ಕೊಡುವ ಎಆರ್‌ಟಿ ಗುಳಿಗೆ. ತಪ್ಪಿ ಆಗಲೇ ನಾಲ್ಕು ದಿನವಾಗಿತ್ತು. ಒಂದು ದಿನವೂ ತಪ್ಪಬಾರದ ಔಷಧವದು.

ಮರುದಿನ ಆಪ್ತಸಮಾಲೋಚಕಿಯೊಬ್ಬರಿಗೆ ಫೋನು ಹಚ್ಚಿದೆ. ಸುತ್ತುದಾರಿಯಲ್ಲಿ ಸಂಜೆಗೆ ಗುಳಿಗೆ ಬಂತು, ಕೆಮ್ಮಿನ ಔಷಧದ ಡಬ್ಬಿಯೊಳಗೆ. ಟೆಂಪೋಗಟ್ಟಲೆ ಬಂದಿತ್ತಲ್ಲ, ಡಬ್ಬಿಗೆ ಬರವಿರಲಿಲ್ಲ. ಮೈಕು ವಾಪಸು ಹೋಯಿತು. ಯಾದಿಯಲ್ಲಿ ಆಕೆಯ ಹೆಸರಿನ ಮುಂದೆ ಏನೂ ಬರೆಯಲಿಲ್ಲ, ಪೆನ್ನು ಊರಿ ಒಂದು ಚುಕ್ಕಿ ಇಟ್ಟೆ.

ನೀರಿಳಿದು ಕೇಂದ್ರ ಮುಚ್ಚಿದ ಮೇಲೆ ಆ ನೋಟ್‌ಬುಕ್ಕನ್ನು ಮೇಲಿನವರಿಗೆ ಒಪ್ಪಿಸಬೇಕಾಯಿತು. ಲೆಕ್ಕ ತಪಾಸಿಸುವ ಸಾಹೇಬರು ಪುಟ ತಿರುವುತ್ತ ಆ ಸಾಲಿನ ಮೇಲೆ ಬೆರಳಿಟ್ಟರು. "ಇದೇನ್ರೀ ಚುಕ್ಕಿ? ಯಾವ ಔಷಧ ಇದು?"

"ಮಳಿಗಾಲ ನೋಡ್ರಿ ಸಾಹೇಬ್ರ," ಅಂದೆ, "ಶಾಯಿ ಬಿದ್ದಿರಬೇಕು."